ನನ್ನ ಗಂಡ ಕೇಳಿದ ಒಂದೇ ಒಂದು ಗೆಲುವು

ಮಂಗಳೂರಿನಲ್ಲಿ ನಮ್ಮದು ನಾಲ್ಕು ತಲೆಮಾರಿನಿಂದ ಹೆಸರುಳ್ಳ ಮನೆತನ. ಅಜ್ಜ ಇಗರ್ಜಿಯ, ಅಂದರೆ ಚರ್ಚಿನ, ಗುರಿಕಾರರು, ತಂದೆ ಹೆಡ್‌ಮಾಸ್ಟರು, ನಾನು ಕಾನ್ವೆಂಟಿನ ಥ್ರೋಬಾಲ್ ಕ್ಯಾಪ್ಟನ್. ನಮ್ಮಲ್ಲಿ ಯಾರೂ ಊರವರ ನಗೆಗೆ ಗುರಿಯಾದವರಲ್ಲ. ಅಮೆರಿಕದ ಈ ಓಲ್ಡ್ ಬ್ರಿಡ್ಜ್ ಊರಿಗೆ ಬಂದ ಮೇಲೆ ಮಾತ್ರ ಒಂದಲ್ಲ ಒಂದು ನಗೆಪಾಟಲು ನಡೆಯುತ್ತಲೇ ಇದೆ. ಕಾರಣ, ನನ್ನ ಗಂಡ ಮನಸ್ಸು ಕೊಟ್ಟ ಬಾಸ್ಕೆಟ್‌ಬಾಲ್ ತಂಡ.

ಕೊನೆಯ ಸ್ಥಾನ

ತಂಡ ಸೋಲುತ್ತಲೇ ಇತ್ತು. ಪಕ್ಕದ ಮನೆಯ ಮೈಸೂರಿನ ಇಂಜಿನಿಯರ್ ವಿವರಿಸಿದರು: "ಟೀಮ್ ರೀಬಿಲ್ಡ್ ಮಾಡ್ತಿದ್ದಾರೆ, ಆಂಟಿ. ಕೊನೇಲಿ ಬಂದ್ರೆ ಮುಂದಿನ ವರ್ಷ ಒಳ್ಳೇ ಹೊಸ ಆಟಗಾರನ್ನ ಮೊದಲು ಆರಿಸ್ಕೊಳ್ಳೋ ಚಾನ್ಸ್ ಜಾಸ್ತಿ. ಅದಕ್ಕೇ ಬೇಕಂತ ಸೋಲ್ತಾರೆ."

ಇಲ್ಲೇ ಮೂವತ್ತು ವರ್ಷ ಹೋಟೆಲ್ ನಡೆಸಿದ ನನ್ನ ಗಂಡ ಕೇಳಿದರು: "ನಮ್ಮ ಅಡುಗೆಮನೆ ಕೆಡವಿ ಕಟ್ಟಿದಾಗ ನಾನು ಒಂದು ದಿನ ಆದ್ರೂ ಬೇಕಂತ ಹಳಸಿದ ಸಾಂಬಾರು ಬಡಿಸಿದ್ದೇನಾ?"

ಇಂಜಿನಿಯರ್ ಸ್ವಲ್ಪ ಯೋಚಿಸಿದರು. "ಬೇಕಂತ ಅಲ್ಲ, ಅಂಕಲ್."

ಐದು ವರ್ಷದ ಪ್ಲಾನು

ಆ ಚಳಿಗಾಲ ಗಂಡನಿಗೆ ಕ್ಯಾನ್ಸರ್ ಎಂದು ತಿಳಿಯಿತು. ಅದೇ ವಾರ ತಂಡದ ಟಿಕೆಟ್ ಆಫೀಸಿನ ಯುವತಿ ಮುಂದಿನ ವರ್ಷದ ಟಿಕೆಟಿಗಾಗಿ ಅವರಿಗೆ ಫೋನ್ ಮಾಡಿ, ಐದು ವರ್ಷ ತಾಳ್ಮೆಯಿಂದಿರಿ, ಕಪ್ ನಮ್ಮದೇ ಎಂದಳು.

"ಡಾಕ್ಟರು ನನಗೆ ಈಸ್ಟರ್ ತನಕ ಅಂದಿದ್ದಾರೆ, ಮಗಳೇ. ಕಪ್ ನೀವೇ ಇಟ್ಟುಕೊಳ್ಳಿ. ನಾನು ಸ್ಟೇಡಿಯಮ್ಮಿನಲ್ಲಿ ಕೂತು ನೋಡುವ ಹಾಗೆ ಒಂದೇ ಒಂದು ಮ್ಯಾಚ್ ಗೆಲ್ಲಿ."

ಅವಳು, ಅದು ಪ್ಲಾನಿನಲ್ಲಿದೆಯೋ ವಿಚಾರಿಸಿ ಹೇಳುತ್ತೇನೆ ಎಂದಳು.

ಒಂಬತ್ತು ಮಂಗಳವಾರ

ನಾನು ಸಂತ ಅಂತೋನಿಯವರಿಗೆ ತಂಡ ಗೆಲ್ಲಲೆಂದು ಒಂಬತ್ತು ಮಂಗಳವಾರದ ನೊವೇನಾ ಪ್ರಾರ್ಥನೆ ಹಿಡಿದೆ. ಒಂಬತ್ತು ವಾರವೂ ಸೋಲು. ಪಾದ್ರಿಯವರಲ್ಲಿ ದೂರು ಹೇಳಿದೆ.

ಅವರು ಕನ್ನಡಕ ಒರೆಸಿಕೊಂಡರು. "ನಿಮ್ಮ ಹಿಂದಿನ ಸಾಲಿನಲ್ಲೇ ಆರು ಜನ ತಂಡ ಸೋಲಲಿ ಅಂತ ಮೇಣದಬತ್ತಿ ಹಚ್ಚುತ್ತಿದ್ದಾರಮ್ಮ. ಏಳನೆಯವನು ನಾನು."

ಗೆಲ್ಲುವ ಹೆದರಿಕೆ

ಮಾರ್ಚಿನಲ್ಲಿ ಗಂಡನನ್ನು ಗಾಲಿಕುರ್ಚಿಯಲ್ಲಿ ಮ್ಯಾಚಿಗೆ ಕರೆದೊಯ್ದೆ. ಇನ್ನು ನಾಲ್ಕೇ ನಿಮಿಷ; ನಮ್ಮವರು ಹನ್ನೊಂದು ಅಂಕ ಮುಂದೆ. ಗಂಡ ನನ್ನ ಕೈ ಹಿಡಿದುಕೊಂಡರು. ಆಗ ತರಬೇತುದಾರರು ಚೆನ್ನಾಗಿ ಆಡುತ್ತಿದ್ದ ಐವರನ್ನೂ ಹೊರಗೆ ಕರೆದು ಕೂರಿಸಿದರು. ಒಂದು ಅಂಕದಿಂದ ಸೋತೆವು. ಸುತ್ತಲಿನ ನಮ್ಮ ಅಭಿಮಾನಿಗಳೇ ಚಪ್ಪಾಳೆ ತಟ್ಟಿದರು.

ನಾನು ಎದ್ದು, ನಮ್ಮ ಕಾನ್ವೆಂಟಿನ ಸಿಸ್ಟರುಗಳ ದನಿಯಲ್ಲಿ, ಬೆಂಚು ಹತ್ತಿ ನಿಲ್ಲುವಂತೆ ತರಬೇತುದಾರರಿಗೆ ಆಜ್ಞೆ ಮಾಡಿದೆ. ಅವರು ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಏಳಡಿಯ ಆಟಗಾರ ಬೆದರಿ ಹತ್ತಿ ನಿಂತ.

ಗಂಡ ಕೆಮ್ಮು ಬರುವವರೆಗೆ ನಕ್ಕರು. "ಮಾರಾಯ್ತಿ, ನಾನಿಲ್ಲಿ ಒಂದೊಂದು ದಿನ ಎಳೆಯಲಿಕ್ಕೆ ಒದ್ದಾಡ್ತಿದ್ದೇನೆ. ಇವರಿಗೆ ನೋಡು, ಅಪ್ಪಿತಪ್ಪಿ ಗೆದ್ದುಬಿಟ್ಟರೆ ಏನು ಗತಿ ಅಂತ ಹೆದರಿಕೆ!"

ನಾನು ಕಂಡ ಅವರ ಕೊನೆಯ ನಗು ಅದು. ಹತ್ತು ದಿನಕ್ಕೆ ತೀರಿಕೊಂಡರು.

ಹೊಸ ತಂಡ ಕಟ್ಟಲಿ, ನಾನು ಬೇಡವೆನ್ನುವುದಿಲ್ಲ. ಆಡಿ ಕಟ್ಟಲಿ. ಆ ತರಬೇತುದಾರರು ನನ್ನ ಗಂಡನ ಹೆಸರಿಗೆ, ಬರಹದಲ್ಲಿ, ಕ್ಷಮೆ ಕೇಳತಕ್ಕದ್ದು.