ಕೈಕೊಡುವ ಯಂತ್ರ ಬೇಕಾಗಿದೆ

ಏಪ್ರಿಲ್ ತಿಂಗಳ ಒಂದು ಶನಿವಾರ ಬರ್ನಾರ್ಡ್ ಟಾಪ್ಲಿಸ್‌ನ ಹಳೇ ಹುಲ್ಲು ಕತ್ತರಿಸುವ ಯಂತ್ರ ಕೊನೆಯುಸಿರೆಳೆದಾಗ ಅವನು ನಿಜಕ್ಕೂ ಕಣ್ಣೊರೆಸಿಕೊಂಡ. ಹೆಂಡತಿ ಗ್ಲೆನಿಸ್ ಮಾತ್ರ "ಅಬ್ಬ, ಪೀಡೆ ತೊಲಗ್ತು!" ಎಂದು ಹಗುರಾದಳು. ಪಾಪ, ಅವಳಿಗೇನು ಗೊತ್ತು ಗಂಡನ ಸಂಕಟ.

ಆ ಯಂತ್ರ ಹುಲ್ಲು ಕತ್ತರಿಸುತ್ತಿತ್ತೆಂದು ಯಾರೂ ತಪ್ಪು ತಿಳಿಯಬಾರದು. ಅದು ಕೆಡುತ್ತಿತ್ತು. ಅದೂ ಶನಿವಾರ ಮಧ್ಯಾಹ್ನ, ಅತ್ತೆ ಎನಿಡ್ ತನ್ನ ಪುಟ್ಟ ಕಾರಿನಿಂದ ಗೇಟಿನ ಮುಂದೆ ಇಳಿಯುವ ಹೊತ್ತಿಗೆ ಸರಿಯಾಗಿ ಕೆಡುತ್ತಿತ್ತು. ಅತ್ತೆ ವಾರಕ್ಕೊಮ್ಮೆ ಬರುವವಳು, ಆದರೆ ಬಂದರೆ ಕತ್ತಲಾಗುವ ತನಕ ಕದಲುವವಳಲ್ಲ. ಚಹಾ, ಮಂಡಿನೋವು, ಮತ್ತೆ ಚಹಾ, ಹಿರಿಯಳಿಯ ರೂಪರ್ಟ್‌ನ ಗುಣಗಾನ, ಮತ್ತೆ ಚಹಾ. ಇದರಿಂದ ಪಾರಾಗಲು ಇಂಗ್ಲೆಂಡಿನ ಗಂಡಸಿಗೆ ದೇವರು ಕರುಣಿಸಿರುವುದು ಒಂದೇ ಜಾಗ, ತೋಟದ ಮೂಲೆಯ ಶೆಡ್ಡು. ಅಲ್ಲಿ ಸುಮ್ಮನೆ ಕೂತರೆ ಸೋಮಾರಿ. ಬಿಚ್ಚಿ ಹಾಕಿದ ಯಂತ್ರದ ಮುಂದೆ ಕೂತರೆ ಕರ್ಮಯೋಗಿ! ಅಂಥವನನ್ನು ಚಹಾಕ್ಕೂ ಕರೆಯುವ ಹಾಗಿಲ್ಲ. ಹುಲ್ಲು ಎತ್ತರ ಬೆಳೆದರೆ ಇಡೀ ಹಳ್ಳಿ ಬೇಲಿಯ ಮೇಲಿಂದ ಕತ್ತು ಚಾಚಿ "ಮನೇಲಿ ಎಲ್ಲಾ ಹುಷಾರಾಗಿದೀರಾ?" ಎಂದು ಕೇಳುತ್ತದೆ, ಆ ಮರ್ಯಾದೆಯ ಮುಂದೆ ಅತ್ತೆಯ ಮರ್ಯಾದೆಯೂ ಚಿಕ್ಕದು. ಹೀಗಾಗಿ ಬರ್ನಾರ್ಡ್ ವರ್ಷಗಟ್ಟಲೆ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತ, ಒಂದೇ ನಟ್ಟನ್ನು ಬಿಚ್ಚುತ್ತ ಬಿಗಿಯುತ್ತ ಸುಖವಾಗಿದ್ದ.

"ಈ ಸಲ ಒಳ್ಳೆ ಭರವಸೆಯ ಮಷೀನ್ ತಗೊಂಬಾ," ಎಂದಳು ಗ್ಲೆನಿಸ್. "ಹಗ್ಗದ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗ್ಬೇಕು. ಬೇಗ ಮುಗಿಸಿ ನೀನೂ ಬಂದು ನಮ್ಮ ಜೊತೆ ಕೂತ್ಕೋಬಹುದು."

"ಎಲ್ಲಿ?"

"ಸೋಫಾ ಮೇಲೆ. ಅಮ್ಮನ ಪಕ್ಕ."

ಬರ್ನಾರ್ಡನ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಮುಳುಗಿ ಹೋಯಿತು. "ಬ್ಯಾಟರಿಯದ್ದು ನೋಡ್ಲಾ?"

"ಇಷ್ಟು ದೊಡ್ಡ ತೋಟಕ್ಕೆ ಬ್ಯಾಟರಿ ಎಲ್ಲಿ ಸಾಕಾಗುತ್ತೆ? ಅರ್ಧಕ್ಕೇ ನಿಂತ್ಬಿಡುತ್ತೆ."

ನಿಲ್ಲುವುದು ಅವನಿಗೂ ಸಮ್ಮತವೇ. ಆದರೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದವನು ಒಳಗೆ ಬಂದು ಕೂರಬೇಕಾಗುತ್ತದೆ. (ಚಾರ್ಜಿಂಗ್ ರಿಪೇರಿಯಲ್ಲ ಎಂಬುದು ಹೆಂಗಸರಿಗೂ ಗೊತ್ತು.) "ಹೌದು ಹೌದು, ಪೆಟ್ರೋಲಿನದ್ದೇ ಸರಿ," ಎಂದು ಒಪ್ಪಿಕೊಂಡ.

ಪಕ್ಕದ ಪೇಟೆಯ ಅಂಗಡಿಯಲ್ಲಿ ಪ್ಯೂ ಎಂಬ ಪುಣ್ಯಾತ್ಮ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ. ಬರ್ನಾರ್ಡ್ ನೇರವಾಗಿ ಕೇಳಿದ: "ಇವುಗಳಲ್ಲಿ ಯಾವುದು ಹೆಚ್ಚು ರಿಪೇರಿಗೆ ಬರುತ್ತೆ?"

ಪ್ಯೂಗೆ ಖುಷಿಯಾಯಿತು. "ಹೀಗೆ ಕೇಳೋ ಗಿರಾಕಿ ಅಪರೂಪ ಸಾರ್! ಈ ಕೆಂಪಿದೆ ನೋಡಿ, ಮಾರಿದ ಮೇಲೆ ಇದರ ಮುಖಾನೇ ನಾನು ಮತ್ತೆ ನೋಡಲ್ಲ."

"ಛೆ ಛೆ. ಆ ಹಸಿರು?"

"ಅದೂ ಬಂಗಾರದಂಥದ್ದು. ಚಳಿಗಾಲ ಪೂರ್ತಿ ಮೂಲೇಲಿ ಬಿದ್ದಿದ್ರೂ ಒಂದೇ ಎಳೆತ, ಅಷ್ಟೇ."

"ಅಯ್ಯೋ ಗ್ರಹಚಾರವೇ! ಮತ್ತೆ ಅಲ್ಲಿ ಗೋಣಿಚೀಲದ ಕೆಳಗಿರೋ ಹಳದಿ?"

ಪ್ಯೂವಿನ ಮುಖ ಕೆಂಪಾಯಿತು. "ಅದರ ಮಾತೆತ್ತಬೇಡಿ ಸಾರ್. ಮಾರಿದಷ್ಟು ಸಲವೂ ವಾಪಸ್ ಬಂದಿದೆ. ಹಗ್ಗ ಎಳೆದ್ರೆ ಕೆಮ್ಮುತ್ತೆ, ಹೊಗೆ ಬಿಡುತ್ತೆ, ಮಲಗಿಬಿಡುತ್ತೆ. ಕಾರ್ಬ್ಯುರೇಟರ್ ಬಿಚ್ಚಿದ್ರೆ ಪ್ಲಗ್ ಮುನಿಸ್ಕೊಳ್ಳುತ್ತೆ, ಪ್ಲಗ್ ಬದಲಾಯಿಸಿದ್ರೆ ಇನ್ನೊಂದು."

"ಯಾರಾದ್ರೂ ಸರಿ ಮಾಡಿಬಿಟ್ರೆ?" ಬರ್ನಾರ್ಡ್ ಆತಂಕದಿಂದ ಕೇಳಿದ.

"ಬ್ರಹ್ಮ ಬಂದ್ರೂ ಆಗಲ್ಲ. ಬೇಕಾದ್ರೆ ಅಂಗಡಿ ಮೇಲೆ ಆಣೆ ಮಾಡ್ತೀನಿ."

"ಕಾರಿಗೆ ಹಾಕಿ!"

ಮನೆಗೆ ಬಂದವನೇ ಹೆಂಡತಿಗೆ ಎದೆಯುಬ್ಬಿಸಿ ಹೇಳಿದ: "ಅಂಗಡಿಯವನು ಆಣೆ ಮಾಡಿ ಕೊಟ್ಟಿದಾನೆ ಕಣೇ." (ಸುಳ್ಳೇನಲ್ಲವಲ್ಲ.) ಗ್ಲೆನಿಸ್ ಸಂತೋಷಪಟ್ಟು ಸೋಫಾದ ಮೇಲೆ ಅವನಿಗೊಂದು ಹೊಸ ದಿಂಬನ್ನೂ ಇಟ್ಟಳು.

ಶನಿವಾರ ಬಂತು, ಅತ್ತೆಯೂ ಬಂದಳು. ಕಿಟಕಿಗೆ ಕಾಣುವಂತೆ ಹುಲ್ಲುಹಾಸಿನ ನಟ್ಟನಡುವೆ ನಿಂತು ಬರ್ನಾರ್ಡ್ ಹಗ್ಗ ಎಳೆದ. ಹಳದಿ ಯಂತ್ರ ಕೆಮ್ಮಿತು, ಗೊರಗುಟ್ಟಿತು, ಒಂದು ಮೋಡದಷ್ಟು ಕಪ್ಪು ಹೊಗೆ ಬಿಟ್ಟು ತಣ್ಣಗಾಯಿತು. ಅವನ ಹೊಟ್ಟೆಗೆ ಹಾಲು ಹುಯ್ದಂತಾಯಿತು. "ಅಯ್ಯೋ, ಏನಾಗೋಯ್ತು ಇದಕ್ಕೆ!" ಎಂದು ಊರಿಗೆಲ್ಲ ಕೇಳುವಂತೆ ಗೋಳಾಡಿ, ಅದನ್ನು ಶೆಡ್ಡಿಗೆ ತಳ್ಳಿಕೊಂಡು ಹೋಗಿ ರೇಡಿಯೋ ಹಾಕಿ ಕಾಲು ಚಾಚಿದ.

ಒಂದು ಓವರೂ ಮುಗಿದಿರಲಿಲ್ಲ, ಬಾಗಿಲು ದಡಾರನೆ ತೆರೆಯಿತು. ಅತ್ತೆ ನಿಂತಿದ್ದಳು.

"ಅದೇ ಕೆಮ್ಮು!" ಎಂದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಚಹಾ ಕುಡೀತಾ ಇದ್ದೆ, ಕಿವಿಗೆ ಬಿತ್ತು. ನಮ್ಮ ವಿಲ್ಫ್ರೆಡ್ ಹತ್ರಾನೂ ಇದೇ ಹಳದೀದು ಇತ್ತು. ಶನಿವಾರ ಬಂದ್ರೆ ಇಬ್ಬರೂ ಇದರ ಹೊಟ್ಟೆ ಬಗೀತಾ ಕೂತ್ಕೋತಿದ್ವಿ. ಸರಿ ಆ ಕಡೆ."

"ಅತ್ತೆ, ನಿಮ್ಮ ಮಂಡಿ..."

"ಮಂಡಿಗೇನಾಗಿದೆ ಧಾಡಿ!" ಎಂದು ಮಾವ ವಿಲ್ಫ್ರೆಡ್ ಸತ್ತ ಮೇಲೆ ಮೊದಲ ಸಲ ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಉಣ್ಣೆಯ ಅಂಗಿಯ ತೋಳು ಮೇಲೇರಿಸಿದಳು. "ಸ್ಪ್ಯಾನರ್ ಕೊಡು. ಅದಲ್ಲ, ಚಿಕ್ಕದು. ಆ ರೇಡಿಯೋ ಆರಿಸು, ಇಂಜಿನ್ ಏನು ಹೇಳುತ್ತೆ ಅಂತ ಕೇಳಿಸ್ತಿಲ್ಲ."

ರೇಡಿಯೋ ಆರಿತು. ಬರ್ನಾರ್ಡ್ ಟಾರ್ಚು ಹಿಡಿದ, ನಟ್ಟು ಹಿಡಿದ, ಕೊನೆಗೆ ತಲೆ ಹಿಡಿದುಕೊಂಡ.

"ಅತ್ತೆ, ನಿಮಗ್ಯಾಕೆ ತೊಂದರೆ? ಸೋಮವಾರಾನೇ ಇದನ್ನ ವಾಪಸ್ ಕೊಟ್ಟು ಕೆಂಪಿಂದು ತಂದ್ಬಿಡ್ತೀನಿ. ಬಂಗಾರದಂಥ ಮಷೀನು, ಒಂದೇ ಎಳೆತ!"

"ಮುಟ್ಟಿದ್ರೆ ನೋಡು!" ಅತ್ತೆ ಸ್ಪ್ಯಾನರ್ ಎತ್ತಿದಳು. "ಎಷ್ಟು ವರ್ಷದಿಂದ ಆ ಸೋಫಾದ ಮೇಲೆ ಬೇಜಾರಲ್ಲಿ ಸಾಯ್ತಿದ್ದೆ ಗೊತ್ತಾ? ಗ್ಲೆನಿಸ್ ಹತ್ರ ಪರದೆ ಬಟ್ಟೆ ಬಿಟ್ರೆ ಬೇರೆ ಮಾತಿಲ್ಲ. ರೂಪರ್ಟ್ ಮನೇಲಿ ಎಲ್ಲಾ ಸರಿಯಾಗೇ ಓಡುತ್ತೆ, ಹೋದ್ರೆ ಆಕಳಿಕೆ ಬರುತ್ತೆ. ನೀನು ಇಷ್ಟು ರಸಿಕ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೋ."

ಇಷ್ಟು ವರ್ಷ ಅವಳ ಬಾಯಿಂದ ಬಾರದ ಹೊಗಳಿಕೆ ಇಂಥ ಹೊತ್ತಿನಲ್ಲಿ ಬಂತು. ಬರ್ನಾರ್ಡ್ ಗಾಬರಿಯಿಂದ ಕಿಟಕಿಯಾಚೆ ನೋಡಿದ. ಮನೆಯೊಳಗೆ ಗ್ಲೆನಿಸ್ ಹೊಸ ದಿಂಬಿಗೆ ತಲೆಯಿಟ್ಟು ಸೋಫಾದುದ್ದಕ್ಕೂ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದಳು.

"ಇದು ಬೇಗ ಸರಿಹೋಗ್ಬಹುದಾ ಅತ್ತೆ?" ಎಂದು ದೀನನಾಗಿ ಕೇಳಿದ.

"ಸರಿಹೋಗೋದಾ? ವಿಲ್ಫ್ರೆಡ್ ಹೋದ, ಇದು ಸರಿಹೋಗ್ಲಿಲ್ಲ," ಎಂದು ಅತ್ತೆ ಎಣ್ಣೆಗೈಯಿಂದ ಅವನ ಕೆನ್ನೆ ತಟ್ಟಿದಳು. "ಶನಿವಾರ ಒಂದೇ ಸಾಲಲ್ಲ, ಭಾನುವಾರಾನೂ ಬರ್ತೀನಿ. ಈ ಶೆಡ್ಡಿಗೆ ಇನ್ನೊಂದು ಬೀಗದ ಕೈ ಮಾಡಿಸಿ ಕೊಡು. ನೀನು ಏಳೋದು ತಡ ಆದ್ರೆ ನಾನೇ ಬಂದು ಶುರು ಮಾಡಿರ್ತೀನಿ."