ಬಾಜು ಮನೆಯ ಬಂಗಲೆ, ನಮ್ಮ ಮಣ್ಣಿನ ಗೋಡೆ

ಎರಡು ಮನೆಗಳ ನಡುವೆ ಸೂರಿನ ನೀರು ಬೀಳಲೆಂದು ಬಿಡುವ ಜಾಗಕ್ಕೆ ನನ್ನ ತವರು ಕೋಲಾರದ ಕಡೆ ಒಂದು ಹೆಸರಿತ್ತು. ಸೂರು... ಸೂರಂ... ಇಲ್ಲ, ಬಾಯಿಗೆ ಬರುತ್ತಿಲ್ಲ. ಅಣ್ಣಿಗೇರಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಆ ಮಾತನ್ನು ಬಳಸುವ ಸಂದರ್ಭವೇ ಬರಲಿಲ್ಲ. ಇಲ್ಲಿ ಆ ಜಾಗವನ್ನು ಯಾರೂ ಬಿಡುವುದಿಲ್ಲ. ಇಲ್ಲದ್ದಕ್ಕೆ ಹೆಸರು ಯಾಕೆ? ಗೋಡೆಗೆ ಗೋಡೆ ಅಂಟಿದ ಮೇಲೆ ಈ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಈ ಸಲದವು ಬಾಜು ಮನೆಯ ಸಾವಕಾರರ ಕೃಪೆ. ಕಾಳಿನ ವ್ಯಾಪಾರ ಕೈಹಿಡಿದಿದೆ. ಹಳೆಯ ಮಾಳಿಗೆ ಮನೆ ಕೆಡವಿ ಬಂಗಲೆ ಕಟ್ಟಲು ಹೊರಟರು.

ಪರವಾನಗಿ

ಒಂದು ಬೆಳಿಗ್ಗೆ ಜೆಸಿಬಿ ಬಂದು ನಮ್ಮ ಗೋಡೆಯ ಬುಡಕ್ಕೇ ಬಾಯಿ ಹಾಕಿತು. ನಮ್ಮದು ಮಣ್ಣಿನ ಗೋಡೆ, ನನಗಿಂತ ಹಿರಿಯದು. ಅದು ಕುಸಿದರೆ ಮೇಲಿನ ಮಾಳಿಗೆಯೆಲ್ಲ ನನ್ನ ಮತ್ತು ಮೊಮ್ಮಗಳ ತಲೆಯ ಮೇಲೆ. ಓಡಿಹೋಗಿ ಸಾವಕಾರರನ್ನು ಕೇಳಿದೆ, "ತಮ್ಮಾ, ಪರವಾನಗಿ ಐತೇನು?"

"ಕಟ್ಟಿ ಮುಗಿಸಿದ ಮ್ಯಾಲೆ ತಗೋತೀನ್ರಿ ಅಮ್ಮಾರ. ಈಗ ಹೋಗಿ ಕೇಳಿದ್ರ, ಏನ್ ಕಟ್ಟತೀನಿ ಅಂತ ಅವರಿಗೆ ಹೆಂಗ ತಿಳೀಬೇಕು?"

ಅಧಿಕಾರಿಗಳ ಕಷ್ಟವನ್ನು ಇಷ್ಟು ಅರ್ಥ ಮಾಡಿಕೊಂಡ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಬಿರುಕು

ವಾರದೊಳಗೆ ದೇವರ ಮನೆಯ ಗೋಡೆ ಬಿರಿಯಿತು. ಕರೆದು ತೋರಿಸಿದೆ. ಸಾವಕಾರರು ಕನ್ನಡಕ ಏರಿಸಿ, ಹೊಲ ನೋಡಿದಂತೆ ನೋಡಿದರು.

"ಕರಿ ಎರಿ ನೆಲ ಅಲ್ಲೇನ್ರಿ? ಬ್ಯಾಸಗ್ಯಾಗ ಬಿರೀತೈತಿ, ಮಳಿ ಬಿದ್ದಮ್ಯಾಲೆ ತಾನ ಕೂಡ್ತೈತಿ."

"ತಮ್ಮಾ, ಮಳಿಗೆ ಹೊಲ ಕೂಡ್ತೈತಿ. ಮನಿ ಬೀಳ್ತೈತಿ."

"ಹಂಗಂದ್ರ ಹೆಂಗ್ರಿ? ಗಾಳಿನರ ಆಡ್ತೈತಲ್ಲ!"

ಗಾಳಿಯೇನೋ ಆಡಿತು. ಮನೆ ಕೆಡವಿದ ಮೇಲೆ ಅವರು ನಮ್ಮ ಗೋಡೆಯ ಆಚೆ ಹಾಕಿಕೊಂಡ ತಗಡಿನ ಅಡುಗೆಮನೆಯ ಬೆಳ್ಳುಳ್ಳಿ ಒಗ್ಗರಣೆಯನ್ನು ಹೊತ್ತುಕೊಂಡೇ ಆಡಿತು. ಆವತ್ತಿನಿಂದ ನಮ್ಮ ದೇವರಿಗೆ ಎರಡು ಹೊತ್ತೂ ನೈವೇದ್ಯ, ಸಾವಕಾರರ ಖರ್ಚಿನಲ್ಲಿ.

ಹಂದರ

ಪಂಚಾಯಿತಿಗೆ ದೂರು ಕೊಟ್ಟೆ. ಸಾಹೇಬರೊಬ್ಬರು ಬರುತ್ತಾರೆಂಬ ಸುದ್ದಿ ಅವರಿಗಿಂತ ಮೊದಲೇ ಬಂತು. ಸಾವಕಾರರು ತೋಡಿದ ಗುಂಡಿಗಳ ಮೇಲೆ ಹಲಗೆ ಹಾಸಿ, ಜಮಖಾನೆ ಹಾಸಿ, ಮೇಲೊಂದು ಹಂದರ ಹಾಕಿ, ಮಾವಿನ ತೋರಣ ಕಟ್ಟಿಬಿಟ್ಟರು. ಸಾಹೇಬರು ಬಂದರು, ಜಮಖಾನೆಯ ಮೇಲೆ ಕೂತು ಮಂಡಕ್ಕಿ-ಮಿರ್ಚಿ ತಿಂದರು, ನಮ್ಮ ಬಾಗಿಲಿಗೆ ಬಂದು ಬೇಸರದಿಂದ ಹೇಳಿದರು, "ಮದುವಿ ಮನಿ ಅದರಿ ಅಮ್ಮಾರ. ಮಗನ ಮದುವಿ ಹೆಂಗ ನಿಲ್ಲಿಸೂದು?"

"ಅವರಿಗೆ ಮಗ ಇಲ್ರಿ. ಇಬ್ಬರು ಹೆಣ್ಣುಮಕ್ಕಳು, ಇಬ್ಬರದೂ ಮದುವಿ ಆಗೇತಿ."

ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. "ಗೊತ್ತಾತು ಬಿಡ್ರಿ. ನಿಮಗ ಕರದಿಲ್ಲಂತ ಸಿಟ್ಟು."

ಹಗೇವು

ಈ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ಕೋಣೆಯಷ್ಟು. ನಮ್ಮದೂ ಸಾವಕಾರರದೂ ಮೊದಲು ಒಂದೇ ಮನೆ. ಆಗಿನ ಹಗೇವು ಈಗ ಅವರ ಅಂಗಳದಡಿ, ನಮ್ಮ ಗೋಡೆಯ ಮಗ್ಗುಲಲ್ಲಿದೆ. ಹೊಸ ಸೊಸೆಗೆ ನಮ್ಮತ್ತೆ ಮೊದಲು ತೋರಿಸಿದ್ದೇ ಅದನ್ನು, "ಇದರ ಮ್ಯಾಲೆ ಕುಣೀಬ್ಯಾಡ" ಅಂತ. ಹೇಳುವುದು ನನ್ನ ಧರ್ಮ, ಹೇಳಿದೆ.

ಸಾವಕಾರರು ನಕ್ಕರು. "ನೀವು ಕೋಲಾರದವರು ಅಮ್ಮಾರ. ನಮ್ಮೂರ ನೆಲ ನಿಮಗೇನ್ ಗೊತ್ತರಿ?"

ಕಂಬಕ್ಕೆ ಕಾಂಕ್ರೀಟು ಹಾಕುವ ದಿನ ಬಂತು. ಪೂಜೆ ಆಯಿತು, ಕಾಯಿ ಒಡೆಯಿತು, ಯಂತ್ರ ತಿರುಗಿತು. ಬುಟ್ಟಿ ಮೇಲೆ ಬುಟ್ಟಿ ಸುರಿದರು. ಗುಂಡಿ ತುಂಬಲಿಲ್ಲ. ಮತ್ತೆ ಸುರಿದರು. ಒಳಗೆ "ದಡ್" ಅಂತ ಸಪ್ಪಳವಾಯಿತು, ಸಿಮೆಂಟು ಅಷ್ಟೂ ಮಾಯ. ಕಂಬದ ಕಬ್ಬಿಣ ಕುತ್ತಿಗೆ ವಾಲಿಸಿ ನಿಧಾನಕ್ಕೆ ಇಳಿಯತೊಡಗಿತು. ಗೌಂಡಿ ಬಗ್ಗಿ ನೋಡಿ ಕೂಗಿದ, "ಸಾವಕಾರ್ರ, ಭೂಮಿತಾಯಿ ಉಣ್ಣಾಕಹತ್ಯಾಳ್ರಿ! ಇನ್ನೂ ನೀಡೂದೋ, ಸಾಕೋ?"

ಸಂಜೆಗೆ ಸಾವಕಾರರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ದನಿ ಬೆಣ್ಣೆ. "ಅಮ್ಮಾರ, ಹಗೇವು ಅದೊಂದ ಏನ್ರಿ? ಇನ್ನೊಂದು ಐತೇನ್ರಿ?"

ನಾನು ಅವರ ಅಂಗಳ ನೋಡಿದೆ. ಆಮೇಲೆ ನನ್ನ ಗೋಡೆಯ ಉದ್ದಕ್ಕೂ, ಈ ತುದಿಯಿಂದ ಆ ತುದಿಗೆ, ಸಾವಕಾಶ ಕಣ್ಣು ಹಾಯಿಸಿದೆ. ನಿಟ್ಟುಸಿರು ಬಿಟ್ಟೆ.

"ನಾ ಕೋಲಾರದಾಕಿ ತಮ್ಮಾ. ನಿಮ್ಮೂರ ನೆಲ ನನಗೇನ್ ಗೊತ್ತು?"

ಮರುದಿನವೇ ಗುಂಡಿ ಮುಚ್ಚಿ, ಕಂಬಗಳನ್ನೆಲ್ಲ ನಮ್ಮ ಗೋಡೆಯಿಂದ ಎರಡು ಮಾರು ಆಚೆ ಸರಿಸಿದರು. ಗೌಂಡಿಯನ್ನು ಕಳಿಸಿ ನಮ್ಮ ಬಿರುಕಿಗೆ ಗಿಲಾವು ಮಾಡಿಸಿದರು. ದಿನಾ ಬೆಳಿಗ್ಗೆ ಚಹಾ ಬರುತ್ತದೆ, ಹಿಂದೆಯೇ ಅವರ ಪ್ರಶ್ನೆ: "ನೆನಪಾತೇನ್ರಿ ಅಮ್ಮಾರ?"

"ವಯಸ್ಸಾತಪಾ. ಇನ್ನೂ ಆಗವಲ್ದು."

ಈಗ ಎರಡು ಮನೆಗಳ ನಡುವೆ ಜಾಗವಿದೆ. ಅದರ ಹೆಸರು ಮಾತ್ರ ಇವತ್ತಿಗೂ ನೆನಪಿಗೆ ಬಂದಿಲ್ಲ. ಮೊಮ್ಮಗಳು ಮೆಲ್ಲಗೆ ಕೇಳಿದಳು, "ಅಜ್ಜಿ, ಖರೇನ ಹೇಳು, ಇನ್ನೊಂದು ಹಗೇವು ಎಲ್ಲೈತಿ?"

"ಮೊದಲ ಕದಾ ಹಾಕು. ಪೆನ್ನು ತಗೋ, ನಾ ಇದನ್ನೂ ಮರೀಬಾರದು. ಬರಕೋ: ಇನ್ನೊಂದು ಇಲ್ಲವೇ ಇಲ್ಲ. ಅವರ ಸ್ಲ್ಯಾಬ್ ಒಣಗೂತನಕ ಯಾರಿಗೂ ತೋರಿಸಬ್ಯಾಡ."