ಮರಿಲಿಂಗೇಗೌಡನ ತಾರಸಿಯ ಪೀಠ

ತೆಂಗಿನ ಗರಿ ಅಲುಗದ, ನಲ್ಲಿಯ ನೀರು ಒಲೆಯ ಹಂಗಿಲ್ಲದೆ ಕಾಯುವ, ಬೀದಿನಾಯಿಗಳು ನಿಂತ ಕಾರುಗಳಡಿಯಲ್ಲಿ ಸಮಾಧಿಸ್ಥವಾಗುವ ಚಂಡಕಿರಣೋತ್ತಪ್ತ ವೈಶಾಖಮಾಸವೇ, ನಿನಗೆ ನಮಸ್ಕಾರ. ವಾಗ್ದೇವಿಯೇ, ಫ್ಯಾನಿನ ಕೆಳಗೆ ಈ ಬಡ ಕಥೆಗಾರನಿಗೂ ಒಂದಿಷ್ಟು ಜಾಗ ಮಾಡಿಕೊಡು. ಮಂಡ್ಯ ನಗರದ ಒಂದು ಅಡ್ಡರಸ್ತೆಯಲ್ಲಿ, ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಹೂಜಿಯ ಚಿತ್ರ ಬರೆಯಲು ಕಲಿಸಿ ನಿವೃತ್ತನಾದ, ಉಪ್ಪುಕಾಗದಧಾರಿಯೂ ವಾರ್ನಿಷ್‌ಲಿಪ್ತಹಸ್ತನೂ ಆದ ಮರಿಲಿಂಗೇಗೌಡನು ಹಳೆಯ ಮರದಿಂದ ಬೆಂಚೊಂದನ್ನು ನಿರ್ಮಿಸಿದ ಮಹಾಕಥೆಯನ್ನು ಹೇಳುತ್ತೇನೆ. ಕೇಳುವವರು ಮೊದಲು ತಾವು ಕುಳಿತಿರುವ ಆಸನವನ್ನು ಒಮ್ಮೆ ಅಲುಗಾಡಿಸಿ ನೋಡಿಕೊಳ್ಳುವುದು ಲೇಸು.

ಹಳ್ಳಿಯ ಹಳೇ ಮನೆಯನ್ನು ಕೆಡವಿದಾಗ ಅಣ್ಣತಮ್ಮಂದಿರು ನಿವೇಶನ ಹಂಚಿಕೊಂಡರು. ನಮ್ಮ ವೀರನು ಮರ ಕೇಳಿದನು. ಬಾಗಿಲು, ಕಿಟಕಿ, ತೊಲೆ, ಮಂಚದ ಕಾಲು, ತೊಟ್ಟಿಲ ಪಟ್ಟಿ ಎಲ್ಲವೂ ಲಾರಿಯೇರಿ ಬಂದು ಮೆಟ್ಟಿಲ ಕೆಳಗೆ ಗಿರಿಯಾಗಿ ನಿಂತವು. ಆರು ಸಂವತ್ಸರ ಆ ಗಿರಿಯಲ್ಲಿ ಹಲ್ಲಿಗಳು ಸಂಸಾರ ಹೂಡಿದವು. ಆ ರಾಶಿಯಲ್ಲಿ ಒಂದೊಂದು ತುಂಡನ್ನೂ ಮುಟ್ಟಿ ಇದು ಎಲ್ಲಿಯದು ಎಂದು ಹೇಳಬಲ್ಲೆನೆಂದು ಅವನು ನಂಬಿದ್ದನು. ಆ ಮರವೆಂದರೆ ಅವನಿಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ.

ಆದರೆ ಧರ್ಮಪತ್ನಿಯೂ ಗೃಹಸಾಮ್ರಾಜ್ಯದ ಅಧಿಪತಿಯೂ ಆದ ಜಯಶೀಲೆಯ ಸಹನೆ ಆ ಚೈತ್ರಕ್ಕೆ ಮುಗಿಯಿತು. ಮಗಳನ್ನು ಕೊಟ್ಟ ಮನೆಯವರು, ಅಂದರೆ ಬೀಗರು, ಮೊದಲ ಬಾರಿಗೆ ಊಟಕ್ಕೆ ಬರುವವರಿದ್ದರು. ಒಳಗೆ ಸೆಕೆ, ಆದ್ದರಿಂದ ಸಂಜೆ ತಾರಸಿಯ ಮೇಲೆ. ಕೂರಿಸುವುದೆಲ್ಲಿ? ಬೆಂಚು ತಾನು ಮಾಡುವೆನೆಂದು ವೀರನು ಎದೆ ತಟ್ಟಿಕೊಂಡಾಗ ಆ ಮಹಿಳೆಯು ಸಾರಿನ ಸೌಟನ್ನು ಎತ್ತಿ ಹಿಡಿದು ಘೋರ ಪ್ರತಿಜ್ಞೆಗೈದಳು.

"ನೋಡ್ರೀ, ಆರು ವರ್ಷದಿಂದ ಏನಾರ ಮಾಡ್ತೀನಿ, ಏನಾರ ಮಾಡ್ತೀನಿ ಅಂತ್ಲೇ ಇದ್ದೀರಿ. ಬೀಗ್ರಲ್ಲಿ ಒಬ್ಬರಾರ ಅದ್ರ ಮೇಲೆ ಕುಂತು ಒಂದ್ ಲೋಟ ಪೂರ್ತಿ ಕುಡುದ್ರೆ ಈ ರಾಶಿ ಇಲ್ಲೇ ಇರ್ಲಿ, ನಾನ್ ಬಾಯ್ ಬುಡಕಿಲ್ಲ. ಇಲ್ದಿದ್ರೆ ಸೋಮ್ವಾರ ಗುಜ್ರಿಯವನ್ನ ಕರೀತೀನಿ."

"ಕುಂತೋರು ಏಳಕ್ಕೂ ಒಪ್ಪಕಿಲ್ಲ ಕಣೆ," ಎಂದನು ಮರಿಲಿಂಗೇಗೌಡ.

ಅಲ್ಲಿಗೆ ಹನ್ನೊಂದು ದಿನಗಳ ಘನಘೋರ ಸಮರ ಆರಂಭವಾಯಿತು. ರಾಶಿಯ ಗರ್ಭದಿಂದ ವೀರನು ಆಯ್ದದ್ದು ಆರಡಿ ಉದ್ದದ, ಗೇಣು ದಪ್ಪದ ಹಲಸಿನ ತೊಲೆ. ಅದರ ನಟ್ಟನಡುವೆ ನಯವಾದ ಒಂದು ಹಳ್ಳವಿತ್ತು. ಆ ಹಳ್ಳವನ್ನು ಕಂಡು ಅವನು ಮೈಮರೆತನು. ಕೂರುವವರ ಅನುಕೂಲಕ್ಕೆಂದೇ ಪ್ರಕೃತಿ ಮಾಡಿಟ್ಟ ತಗ್ಗೆಂದು ಬಗೆದು, ಅದನ್ನು ಹೆಂಡತಿಗೂ ತೋರಿಸಿದನು, ಹಾಲಿನವನಿಗೂ ತೋರಿಸಿದನು. ಮುಂಬದಿಯಲ್ಲಿ ಒಂದು ಹಳದಿ ಕಲೆಯಿತ್ತು. ಒರಟು ಉಪ್ಪುಕಾಗದವೆಂಬ ಆಗ್ನೇಯಾಸ್ತ್ರಕ್ಕೂ ನಯ ಉಪ್ಪುಕಾಗದವೆಂಬ ವಾಯವ್ಯಾಸ್ತ್ರಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಮರದ ಜಾತಿಯೇ ಹಾಗೆಂದು ತೀರ್ಮಾನಿಸಿ ವಾರ್ನಿಷ್ ಬಳಿದನು. ಮಂಚದ ನಾಲ್ಕು ಕಾಲುಗಳನ್ನು ಕೆಳಗೆ ಕೊರೆದ ಗುಳಿಗಳಲ್ಲಿ ಬರೀ ಅಂಟು ಹಾಕಿ ನಿಲ್ಲಿಸಿದನು. "ಹಳೇ ಕಾಲದೋರು ಮೊಳೆ ಹೊಡೀತಿದ್ರಾ?" ಎಂಬ ಅವನ ಪ್ರಶ್ನೆಗೆ ಉತ್ತರ ಕೊಡಲು ಹಳೇ ಕಾಲದವರು ಯಾರೂ ಅಲ್ಲಿರಲಿಲ್ಲ.

ಭಾನುವಾರ ಬಂದಿತು. ಜಯಶೀಲೆಯ ತಮ್ಮನೂ, ಮೊಬೈಲು ನೋಡಿಯೇ ಕಾಕ್‌ಟೇಲ್‌ವಿದ್ಯಾಪಾರಂಗತನಾದವನೂ ಆದ ಶಿವನಂಜುವು ಮಧ್ಯಾಹ್ನವೇ ಬಂದು ತಾರಸಿಯಲ್ಲಿ ಪಾಳೆಯ ಹೂಡಿದನು. ಹಳೇ ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಿಟಕಿಯ ಬಾಗಿಲು ಮಲಗಿಸಿ ಮೇಜು ಮಾಡಿಕೊಂಡಿದ್ದನು. ಕಲ್ಲಂಗಡಿಯನ್ನು ಮಥಿಸುವಾಗ ಕಾಲು ತಾನಾಗಿ ಕೆಳಗಿನ ಪೆಡಲನ್ನು ತುಳಿಯುತ್ತಿತ್ತು. ಏನೂ ಹೊಲಿಯದೆ ಚಕ್ರ ಗಡಗಡ ತಿರುಗುತ್ತಿತ್ತು. ಎರಡು ಜಗ್ಗು ಸಿದ್ಧವಾದವು. ಕೆಂಪಿನದು ಕಲ್ಲಂಗಡಿ, ನಿಂಬೆ, ಪುದೀನ, ಮೇಲೆ ಜಿನ್. ಹಸಿರಿನದು ಮಾವಿನಕಾಯಿ ಪಾನಕ, ನಿರಪರಾಧಿ. ಲೋಟಗಳ ಅಂಚಿಗೆ ಉಪ್ಪುಖಾರ ಮೆತ್ತುತ್ತಾ ಅವನು ಗರ್ಜಿಸಿದನು: "ಭಾವ, ಕೂರ್ಸೋದ್ ನಿಮ್ಮ ಕೆಲ್ಸ. ಲೋಟ ಖಾಲಿ ಮಾಡ್ಸೋದು ನನ್ನ ಜವಾಬ್ದಾರಿ."

ಸೂರ್ಯನು ತೆಂಗಿನ ಮರದ ಹಿಂದಕ್ಕೆ ಸರಿದ ಹೊತ್ತಿಗೆ ಬೀಗರು ಮೆಟ್ಟಿಲೇರಿ ಬಂದರು. ಅವರ ಮುಂದಾಳು ಕಾಳೇಗೌಡರು ನೂರಾಹತ್ತು ಕಿಲೋ ತೂಗುವ ಸಜ್ಜನರು. ವೀರನು ಅವರ ತೋಳು ಹಿಡಿದು ಬೆಂಚಿನ ಬಳಿಗೆ ಕರೆದೊಯ್ದನು. ಶಿವನಂಜು ಕೆಂಪು ಲೋಟವನ್ನು ಅವರ ಬಲಗೈಗಿತ್ತನು. ಕಾಳೇಗೌಡರು ಪಂಚೆಯನ್ನು ಎಡಗೈಯಲ್ಲಿ ಎತ್ತಿ, ಮೊಣಕಾಲು ಮಡಿಸಿ, ಆ ತಗ್ಗಿನ ಕಡೆಗೆ ಇಳಿಯತೊಡಗಿದರು. ಅರ್ಧ ಇಳಿದಿದ್ದರು.

"ಯಾರ್ಲಾ ಹೊಸ್ಲಿಗೆ ಕಾಲ್ ಕೊಟ್ಟು ನಿಲ್ಸಿರದು?"

ಕೇಳಿದವಳು ಬೀಗರ ಊಟಕ್ಕೆಂದು ಬಂದಿದ್ದ ವೀರನ ಸೋದರತ್ತೆ, ಎಂಬತ್ತೆರಡರ ಚೌಡಮ್ಮ. ಮೆಟ್ಟಿಲು ಹತ್ತಿದ ಆಯಾಸದಲ್ಲಿ ಬಾಗಿಲ ಬಳಿಯೇ ನಿಂತಿದ್ದಳು. ಈಗ ಮೆಲ್ಲಗೆ ಬಂದು ಬೆಂಚಿನ ಮುಂದೆ ಬಗ್ಗಿ, ಹಳದಿ ಕಲೆಯ ಮೇಲೆ ಬೆರಳಾಡಿಸಿದಳು.

"ನಮ್ಮಟ್ಟಿ ಹೊಸ್ಲು ಕಣ್ಲಾ ಇದು. ನಮ್ಮವ್ವ ಶುಕ್ರವಾರ ಶುಕ್ರವಾರ ಅರಿಸ್ನ ಬಳೀತಿದ್ಲು. ಇದ್ರ ಮೇಲೆ ಕುಂತ್ರೆ ಬೆನ್ನಿಗೆ ಗುದ್ದೋಳು. ನೀನ್ ಬೀಗ್ರುನ್ನೇ ಕುಂಡ್ರುಸ್ತಿದ್ದೀಯಲ್ಲೋ ಮರಿಲಿಂಗ."

ಹೊಸ್ತಿಲ ಮೇಲೆ ಕೂರಬಾರದು, ನಿಲ್ಲಬಾರದು ಎಂದು ಈ ನಾಡಿನಲ್ಲಿ ತಿಳಿಯದ ಕೂಸಿಲ್ಲ. ಆ ತಗ್ಗು ಪ್ರಕೃತಿಯದಲ್ಲ. ತುಳಿಯಬಾರದು ಎಂದು ಒಬ್ಬರಿಗೊಬ್ಬರು ಹೇಳುತ್ತಲೇ ನಾಲ್ಕು ತಲೆಮಾರು ತುಳಿದು ಮಾಡಿದ್ದು. ಒಂದೊಂದು ತುಂಡನ್ನೂ ಬಲ್ಲೆನೆಂದಿದ್ದ ವೀರನು, ತಾನೇ ದಿನಕ್ಕೆ ಇಪ್ಪತ್ತು ಸಲ ದಾಟಿದ ಹೊಸ್ತಿಲನ್ನು ಗುರುತಿಸಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ನಡುವಾಕಾಶದಲ್ಲಿ ನಿಂತಿದ್ದ ಕಾಳೇಗೌಡರು ಇಳಿದ ದಾರಿಯಲ್ಲೇ ಮೇಲೆದ್ದರು. ಬೆಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಚೆನ್ನಾಗದೆ ಬೀಗ್ರೆ, ಹೊಳೀತದೆ," ಎಂದರು. ಅವರ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೂ ಕೂರಲಿಲ್ಲ. ಜಯಶೀಲೆಯು ಕೆಳಗಿಳಿದು ಜಮಖಾನ ತಂದು ಹಾಸಿದಳು. ಎಲ್ಲರೂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಲೋಟಗಳನ್ನು ಖಾಲಿ ಮಾಡಿದರು. ಶಿವನಂಜು ತನ್ನ ಮಾತು ಉಳಿಸಿಕೊಂಡನು. ಅವನು ಚೌಡಮ್ಮನಿಗೆ ಹಸಿರು ಜಗ್ಗು ಬಗ್ಗಿಸಹೋದಾಗ ಮುದುಕಿ ತಡೆದಳು. "ಅದಲ್ಲ ಮಗ, ಎಣ್ಣೆ ಇರೋದ್ ಕೊಡು. ಇನ್ಯಾವ ವಯಸ್ಸಿಗೆ ಕುಡೀಲಿ ನಾನು."

ಒಂದು ಲೋಟ ಕುಡಿದಳು. ಇನ್ನೊಂದು ಕೇಳಿದಾಗ ಮರಿಲಿಂಗೇಗೌಡನು ಸಿಟ್ಟಿನಿಂದ, "ಸಾಕು ಬುಡತ್ತೆ," ಎಂದು ಜಗ್ಗು ಎತ್ತಿಟ್ಟನು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗುಜರಿಯವನ ಗಾಡಿ ಬಂದಿತು. ಕಿಟಕಿ ಹೋಯಿತು, ತೊಲೆ ಹೋಯಿತು, ತೊಟ್ಟಿಲ ಪಟ್ಟಿ ಹೋಯಿತು. ಪ್ರತಿಯೊಂದು ಹೊರಡುವಾಗಲೂ ವೀರನು ಅದನ್ನೊಮ್ಮೆ ಕೈಯಿಂದ ಸವರಿದನು. ಕೊನೆಗೆ ಎಲ್ಲರೂ ತಾರಸಿ ಹತ್ತಿದರು. ಗುಜರಿಯವನು ಬೆಂಚಿಗೆ ಕೈ ಹಾಕುವಷ್ಟರಲ್ಲಿ ಜಯಶೀಲೆ ಅಂದಳು, "ಅದ್ ಬ್ಯಾಡ. ಅದು ಇರ್ಲಿ."

ಗಂಡ ಅವಳ ಮುಖ ನೋಡಿದನು.

"ಅಕ್ಕಿ ಸೇರು ಒದ್ದು ಒಳಿಕ್ಕೆ ಬಂದಿದ್ದು ನಾನು ಇದ್ರ ಮೇಲೇ ಅಲ್ವಾ. ಹೆಂಗೆ ಕಳ್ಸಲಿ?" ಎಂದಳು. ಅವಳ ಕಣ್ಣು ತುಂಬಿತ್ತು. "ಈ ತಾರಸಿ ಬಾಗ್ಲಿಗೆ ಹೊಸ್ಲಿಲ್ಲ. ಅಲ್ಲಿಗೆ ಇಟ್ರೆ ಮಳೆ ನೀರಾರ ಒಳಿಕ್ಕೆ ಬರಕಿಲ್ಲ. ಎತ್ತಿ ಆ ಕಡೆಗೆ."

ಹೀಗಾಗಿ ಹನ್ನೊಂದು ದಿನಗಳ ಉಗ್ರತಪಸ್ಸಿನಿಂದ ಹೊಸ್ತಿಲನ್ನು ಬೆಂಚಾಗಿಸಿದ ಮಹಾಶಿಲ್ಪಿಯು ಅದನ್ನು ಮತ್ತೆ ಹೊಸ್ತಿಲಾಗಿಸಲು ಒಂದು ತುದಿ ಹಿಡಿದನು. ಗುಜರಿಯವನು ಇನ್ನೊಂದು ತುದಿ ಹಿಡಿದನು. ಕಾಲುಗಳನ್ನು ಕೊಯ್ಯಲು ವೀರನು ಗರಗಸವನ್ನೂ ತಂದಿಟ್ಟುಕೊಂಡಿದ್ದನು. ಅದರ ಅಗತ್ಯ ಬೀಳಲಿಲ್ಲ. ಎತ್ತಿದ ಕೂಡಲೇ ನಾಲ್ಕೂ ಕಾಲುಗಳು ಗುಳಿಯಿಂದ ಜಾರಿ, ಟಕ್ ಟಕ್ ಎಂದು ತಾರಸಿಯ ಮೇಲೆ ಉದುರಿದವು.

ಮೂವರೂ ಆ ಕಾಲುಗಳನ್ನೇ ನೋಡುತ್ತಾ ನಿಂತರು.

"ರೀ," ಎಂದಳು ಜಯಶೀಲೆ. "ನಿನ್ನೆ ಕಾಳೇಗೌಡ್ರು ಕುಂತಿದ್ರೆ?"

ಮರಿಲಿಂಗೇಗೌಡನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡನು.

"ಅತ್ತೆಗೆ ಇನ್ನೊಂದ್ ಲೋಟ ಕೊಡ್ಬೇಕಿತ್ತು ಕಣೆ," ಎಂದನು.